ಮಾನಿಟರಿಗೆ ಅಂಟಿಸಿದ್ದ ಹಳದಿ ಚೀಟಿ

ಆಪ್ತಸಲಹೆಗೆಂದು ನನ್ನ ಹತ್ತಿರ ಬಂದಿದ್ದ ದಂಪತಿಯೊಬ್ಬರ ಕಥೆ ಇದು. ಬರೆಯಲು ಅವರ ಒಪ್ಪಿಗೆ ಇದೆ. ಹೆಸರು, ವಯಸ್ಸು, ಕೆಲಸ, ಮನೆಯ ವಿವರ ಬದಲಿಸಿದ್ದೇನೆ. ಹೆಂಡತಿಯನ್ನು ವೀಣಾ ಎಂದು ಕರೆಯೋಣ.

ವೀಣಾ ನಲವತ್ತು ದಾಟಿದವರು. ಮನೆಯಿಂದಲೇ ಲೆಕ್ಕಪತ್ರದ ಕೆಲಸ ಮಾಡುತ್ತಾರೆ. ಮಲಗುವ ಕೋಣೆಯ ಮೂಲೆಯಲ್ಲಿ ಒಂದು ಮೇಜು, ಕಂಪ್ಯೂಟರ್, ಬೆನ್ನ ಹಿಂದಿನ ಗೋಡೆಗೆ ಒಂದು ಶೆಲ್ಫ್. ಮೊದಲ ದಿನ ಬಂದಾಗ ಹೇಳಿದ್ದೆಲ್ಲ ನಿದ್ದೆಯ ವಿಷಯ. ನಿದ್ದೆ ಸರಿಯಾಗಿ ಬರುತ್ತಿಲ್ಲ, ಒಂದು ಗಂಟೆಯ ಕೆಲಸಕ್ಕೆ ಮೂರು ಗಂಟೆ ಹಿಡಿಯುತ್ತದೆ, ಸುಮ್ಮನೆ ಕುಳಿತಲ್ಲೇ ಕಣ್ಣು ತುಂಬಿ ಬರುತ್ತದೆ. ಹೊರಡುವಾಗ ಬಾಗಿಲ ಹತ್ತಿರ ನಿಂತು, "ಇನ್ನೊಂದು ಇದೆ. ನಮ್ಮನೆಯವರು ನನ್ನ ಟೇಬಲ್ ಕ್ಲೀನ್ ಮಾಡಿಬಿಟ್ಟರು. ಅವತ್ತಿಂದ ನಾವಿಬ್ಬರೂ ಸರಿಯಾಗಿ ಮಾತಾಡಿಲ್ಲ" ಎಂದರು. ಬಾಗಿಲ ಹತ್ತಿರ ಬರುವ ಮಾತನ್ನು ನಾನು ತಪ್ಪದೆ ಬರೆದಿಟ್ಟುಕೊಳ್ಳುತ್ತೇನೆ. ಮುಂದಿನ ವಾರ ಅಲ್ಲಿಂದಲೇ ಶುರು ಮಾಡಿದೆವು.

ನಡೆದದ್ದು ಇಷ್ಟು. ಹೆಂಡತಿ ಮೇಜಿನ ಮುಂದೆ ಕುಳಿತು ಅಳುವುದನ್ನು ಗಂಡ ತಿಂಗಳುಗಟ್ಟಲೆ ನೋಡಿದ್ದರು. ಏನು ಮಾಡಬೇಕು ಎಂದು ತಿಳಿದಿರಲಿಲ್ಲ. ಒಂದು ದಿನ ವೀಣಾ ಹೊರಗೆ ಹೋದಾಗ, ಮೇಜಿನ ಮೇಲಿದ್ದ ಸಣ್ಣಪುಟ್ಟ ಸಾಮಾನನ್ನೆಲ್ಲ ರಟ್ಟಿನ ಡಬ್ಬಿಗೆ ತುಂಬಿ, ಮೇಜು ಒರೆಸಿ, ಹೊಸ ದೀಪ ತಂದಿಟ್ಟರು. ಸಂತೋಷಪಡುತ್ತಾಳೆ ಅಂದುಕೊಂಡಿದ್ದರು. ವೀಣಾ ಬಂದು ನೋಡಿದವರೇ ಕಿರುಚಿದರು. ಆ ರಾತ್ರಿ ಫೋನಿನಲ್ಲಿದ್ದ ಹಳೆಯ ಫೋಟೋ ಒಂದನ್ನು ಮುಂದಿಟ್ಟುಕೊಂಡು, ಒಂದೊಂದು ವಸ್ತುವನ್ನೂ ಇದ್ದ ಜಾಗಕ್ಕೇ ವಾಪಸ್ ಇಟ್ಟರು. ಎರಡು ಗಂಟೆ ಹಿಡಿಯಿತಂತೆ. ಡಬ್ಬಿಯೊಳಗೆ ಮಣ್ಣಿನ ಆನೆಯ ಸೊಂಡಿಲ ತುದಿ ಮುರಿದಿತ್ತು.

"ನಾನು ಇಷ್ಟು ದೊಡ್ಡವಳು, ಆಟದ ಸಾಮಾನಿಗೆ ಅಳೋ ಮಗು ಥರ ಆಡಿದೆ ಅಲ್ವಾ?" ಎಂದು ಕೇಳಿದರು. ಆ ನಾಚಿಕೆಯನ್ನು ಮೊದಲು ಇಳಿಸಬೇಕಿತ್ತು. ಮನೋವಿಶ್ಲೇಷಣೆ ಶುರು ಮಾಡಿದ ಸಿಗ್ಮಂಡ್ ಫ್ರಾಯ್ಡ್ ಅವರ ಮೇಜಿನ ಮೇಲೆ ಸಾಲು ಸಾಲು ಪುಟ್ಟ ಪ್ರಾಚೀನ ಪ್ರತಿಮೆಗಳಿದ್ದವು. ಬರೆಯುವಾಗ ಅವು ಅವರ ಕಣ್ಣೆದುರಿಗೇ ಇರುತ್ತಿದ್ದವು. 1938ರಲ್ಲಿ ವಿಯೆನ್ನಾ ಬಿಟ್ಟು ಲಂಡನ್ನಿಗೆ ಹೋಗಬೇಕಾಗಿ ಬಂದಾಗಲೂ ಆ ಸಂಗ್ರಹ ಅವರ ಜೊತೆ ಹೋಯಿತು. ಆ ಮೇಜು ಈಗಲೂ ಅವರ ಲಂಡನ್ ಮನೆಯಲ್ಲಿ, ಮ್ಯೂಸಿಯಂ ಆಗಿರುವ ಕಡೆ, ಹಾಗೇ ಇದೆ. ಇದನ್ನು ಹೇಳಿದಾಗ ವೀಣಾ ಅವರ ಮುಖ ಸ್ವಲ್ಪ ಸಡಿಲವಾಯಿತು.

ಆಮೇಲೆ ಮೇಜಿನ ಮೇಲೆ ಏನೇನಿದೆ ಎಂದು ಕೇಳಿದೆ. ಎಡಗಡೆ ಅಪ್ಪನ ಇಂಕ್ ಪೆನ್ನು. ಅಪ್ಪ ತೀರಿಕೊಂಡು ಎಂಟು ತಿಂಗಳಾಗಿತ್ತು. ಪೆನ್ನಿನ ಪಕ್ಕ ಮಗಳು ಏಳನೇ ವಯಸ್ಸಿನಲ್ಲಿ ಮಾಡಿದ ಮಣ್ಣಿನ ಆನೆ. ಮಗಳು ಈಗ ಓದಲು ಬೇರೆ ಊರಿನಲ್ಲಿದ್ದಾಳೆ. ಹಳೆಯ ಕೆಲಸದ ಕಡೆ ಬೀಳ್ಕೊಡುಗೆಗೆ ಕೊಟ್ಟ ಮಗ್. ಬೆಟ್ಟವೊಂದರಿಂದ ತಂದ ನುಣುಪಾದ ಕಲ್ಲು. ನಾಲ್ಕಾರು ಫೋಟೋ.

ಅಪ್ಪ, ಪೆನ್ನು, ಎಂಟು ತಿಂಗಳು. ನನ್ನ ಮನಸ್ಸು ಅಲ್ಲಿಗೇ ಹೋಯಿತು. ಎರಡು ಭೇಟಿ ಪೂರ್ತಿ ಪೆನ್ನಿನ ಬಗ್ಗೆಯೇ ಮಾತಾಡಿಸಿದೆ. ವೀಣಾ ಹೇಳಿದರು, ನಕ್ಕರು ಕೂಡ. ಅಪ್ಪನ ತೋರುಬೆರಳಿನ ಮೇಲೆ ಯಾವಾಗಲೂ ಒಂದು ನೀಲಿ ಕಲೆ ಇರುತ್ತಿತ್ತು, ಅಂಗಿ ಜೇಬಿನಲ್ಲೂ ಇರುತ್ತಿತ್ತು. ಚೆಂದದ ನೆನಪುಗಳು. ಆದರೆ ಮನೆಗೆ ಹೋಗಿ ಮೇಜಿನ ಮುಂದೆ ಕುಳಿತರೆ ಮತ್ತೆ ಅದೇ ಅಳು. ನಾನು ತಪ್ಪು ಕಡೆ ಹುಡುಕುತ್ತಿದ್ದೆ. ಸತ್ತವರು ಬಳಸುತ್ತಿದ್ದ ವಸ್ತುವೇ ಜಾಸ್ತಿ ನೋಯಿಸುತ್ತದೆ ಎಂದು ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ. ಅವರನ್ನು ಕೇಳಿರಲಿಲ್ಲ.

ನಾಲ್ಕನೇ ಭೇಟಿಯಲ್ಲಿ ಬೇರೆ ದಾರಿ ಹಿಡಿದೆವು. "ಕುರ್ಚಿಯಲ್ಲಿ ಕುಳಿತಿದ್ದೀರಿ ಅಂದುಕೊಳ್ಳಿ. ಕಣ್ಣು ಮುಚ್ಚಿ. ಎಡದಿಂದ ಬಲಕ್ಕೆ ನಿಧಾನವಾಗಿ ನೋಡುತ್ತಾ ಹೋಗಿ. ಮೈಯಲ್ಲಿ ಎಲ್ಲಾದರೂ ಬಿಗಿಯಾದರೆ ನಿಲ್ಲಿಸಿ ಹೇಳಿ" ಎಂದೆ. ಪೆನ್ನು ದಾಟಿತು, ಏನೂ ಇಲ್ಲ. ಆನೆಗೆ ಸಣ್ಣ ನಗು. ಕಂಪ್ಯೂಟರ್ ಹತ್ತಿರ ಬಂದಾಗ ಎರಡೂ ಕೈ ಮುಷ್ಟಿ ಹಿಡಿದವು. ಅಲ್ಲಿ ಏನಿದೆ ಎಂದರೆ, "ಏನಿಲ್ಲ. ಒಂದು ಚೀಟಿ" ಎಂದರು. ಪಟ್ಟಿ ಮಾಡುವಾಗ ಅದನ್ನು ಹೇಳಿಯೇ ಇರಲಿಲ್ಲ.

ಮಾನಿಟರಿನ ಕೆಳ ಅಂಚಿಗೆ ಅಂಟಿಸಿದ ಹಳದಿ ಚೀಟಿ ಅದು. ಅಪ್ಪನ ಕೈಬರಹ. "ವೀಣಾ, ಬಿಡುವಾದಾಗ ಫೋನ್ ಮಾಡು." ಒಂದು ದಿನ ಅಪ್ಪ ಮನೆಗೆ ಬಂದಿದ್ದಾಗ ವೀಣಾ ಮೀಟಿಂಗಿನಲ್ಲಿದ್ದರು. ಕಿವಿಗೆ ಹೆಡ್‌ಫೋನ್. ಕೈಸನ್ನೆಯಲ್ಲೇ "ಐದು ನಿಮಿಷ" ಎಂದಿದ್ದರು. ಮೀಟಿಂಗ್ ನಲವತ್ತು ನಿಮಿಷ ಎಳೆಯಿತು. ಅಪ್ಪ ತೊಂದರೆ ಕೊಡಬಾರದು ಎಂದು ಚೀಟಿ ಬರೆದು, ಮೆಲ್ಲಗೆ ಅಂಟಿಸಿ ಹೊರಟುಹೋದರು. ವೀಣಾ ಫೋನ್ ಮಾಡಿದ್ದು ಎರಡು ದಿನ ಬಿಟ್ಟು. ಮಾತಾಡಿದ್ದು ನಾಲ್ಕು ನಿಮಿಷ. ಹನ್ನೊಂದು ದಿನದ ನಂತರ ಅಪ್ಪ ಇಲ್ಲ.

"ಏನು ಹೇಳೋಕೆ ಬಂದಿದ್ದರೋ ನಾನು ಕೇಳಲೇ ಇಲ್ಲ," ಎಂದರು. ತುಂಬಾ ಹೊತ್ತು ಅತ್ತರು. ನಾನು ಮಧ್ಯೆ ಮಾತಾಡಲಿಲ್ಲ.

ಮೇಜಿನ ಮೇಲಿದ್ದ ಉಳಿದ ವಸ್ತುಗಳು ಯಾರನ್ನೋ, ಯಾವುದೋ ದಿನವನ್ನೋ ನೆನಪಿಸುತ್ತಿದ್ದವು. ಈ ಚೀಟಿ ವೀಣಾ ಅವರಿಗೆ ದಿನಕ್ಕೆ ಎಂಟು ಗಂಟೆ ಒಂದು ಕೆಲಸ ಹೇಳುತ್ತಿತ್ತು. ಫೋನ್ ಮಾಡು. ಇನ್ನು ಮಾಡಲಾಗದ ಕೆಲಸ ಅದು. ಅದೂ ಕೂರುವುದು ಕೆಲಸ ಮಾಡುವ ಜಾಗದಲ್ಲಿ, ಇಮೇಲ್‌ಗಳ ಕೆಳಗೆ, ಇವತ್ತು ಮುಗಿಸಬೇಕಾದ್ದರ ಪಟ್ಟಿಯ ಪಕ್ಕದಲ್ಲಿ. ಕಣ್ಣಿಗೆ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ.

ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಸ್ಕುಟ್ ಎಂಬ ಮನೋವಿಜ್ಞಾನಿಗಳು 1999ರಲ್ಲಿ ದುಃಖದ ಬಗ್ಗೆ ಒಂದು ವಿವರಣೆ ಕೊಟ್ಟರು. ನನ್ನ ಕೆಲಸದಲ್ಲಿ ಅದು ದಿನಾ ಉಪಯೋಗಕ್ಕೆ ಬರುತ್ತದೆ. ದುಃಖದಲ್ಲಿರುವ ಮನಸ್ಸು ಎರಡು ಕಡೆ ಓಡಾಡುತ್ತದೆ. ಒಮ್ಮೆ ಕಳೆದುಕೊಂಡದ್ದರ ಕಡೆಗೆ, ಒಮ್ಮೆ ಮುಂದಿನ ಬದುಕಿನ ಕಡೆಗೆ. ಈ ಓಡಾಟ ಇರಬೇಕು. ವೀಣಾ ಅವರಿಗೆ ಮೇಜಿನ ಮುಂದೆ ಅದು ನಿಂತೇಹೋಗಿತ್ತು. ಕೆಲಸ ಮಾಡಲು ಕುಳಿತರೂ ಅಪ್ಪನ ಎದುರೇ ಕುಳಿತ ಹಾಗೆ.

ಗಂಡನನ್ನೂ ಒಂದು ಸಲ ಕರೆಸಿದೆ. ಅವರಿಗೆ ಭಯವಿತ್ತು. "ಏನನ್ನೂ ಬಿಸಾಡಲಾರದ ಕಾಯಿಲೆ ಅಂತ ಓದಿದ್ದೇನೆ. ಇವಳಿಗೆ ಅದೇನಾ ಮೇಡಂ?" ಎಂದರು. ಅಲ್ಲ ಎಂದೆ. 2013ರಿಂದ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಅದಕ್ಕೆ ಪ್ರತ್ಯೇಕ ಹೆಸರು, ಲಕ್ಷಣಗಳಿವೆ. ಆ ಕಾಯಿಲೆಯಲ್ಲಿ ಬೆಲೆ ಇದೆಯೋ ಇಲ್ಲವೋ, ಯಾವುದನ್ನೂ ಬಿಡಲಾಗುವುದಿಲ್ಲ. ರಾಶಿ ಬಿದ್ದು ಕೋಣೆಗಳೇ ಬಳಕೆಗೆ ಸಿಗದ ಹಾಗಾಗುತ್ತವೆ. ಇಲ್ಲಿ ಇದ್ದದ್ದು ಹತ್ತು ಹನ್ನೆರಡು ವಸ್ತು. ಒಂದೊಂದಕ್ಕೂ ಒಂದು ಕಾರಣ ಇತ್ತು.

ಇನ್ನೊಂದನ್ನೂ ನಾನು ನೋಡಬೇಕಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೇ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದರಲ್ಲಿ ದೀರ್ಘಕಾಲದ ದುಃಖ ಒಂದು ಕಾಯಿಲೆಯಾಗಿ ಸೇರಿದೆ. ತೀವ್ರ ಹಂಬಲ, ತೀವ್ರ ನೋವು ಆರು ತಿಂಗಳು ದಾಟಿಯೂ ಇಳಿಯದೆ, ದಿನನಿತ್ಯದ ಬದುಕನ್ನು ಕೆಡಿಸಿದರೆ ಆ ಬಗ್ಗೆ ಯೋಚಿಸಬೇಕು. ಎಂಟು ತಿಂಗಳಾಗಿತ್ತು, ಹಾಗಾಗಿ ಕೇಳಿದೆ. ವೀಣಾ ಊಟ ಮಾಡುತ್ತಿದ್ದರು, ಮಗಳ ಜೊತೆ ನಗುತ್ತಿದ್ದರು, ಅಪ್ಪನ ವಿಷಯ ಬಂದರೆ ಓಡುತ್ತಿರಲಿಲ್ಲ. ನೋವು ಮೇಜಿಗೇ ಕಟ್ಟಿಕೊಂಡಿತ್ತು. ಎರಡು ತಿಂಗಳಲ್ಲಿ ಕಡಿಮೆ ಆಗದಿದ್ದರೆ ಮನೋವೈದ್ಯರ ಹತ್ತಿರ ಹೋಗೋಣ ಎಂದು ಮೊದಲೇ ಮಾತಾಡಿಕೊಂಡೆವು.

ನಾನು ಕೊಟ್ಟ ಸಲಹೆ ಹೀಗಿತ್ತು. ಸದ್ಯಕ್ಕೆ ಯಾವುದನ್ನೂ ಬಿಸಾಡುವುದು ಬೇಡ. ಮೊದಲು ಜಾಗ ಮಾತ್ರ ಬದಲಿಸೋಣ. ಕಂಪ್ಯೂಟರ್ ನೋಡುವಾಗ ತಾನಾಗಿ ಕಣ್ಣಿಗೆ ಬೀಳುವ ಜಾಗದಲ್ಲಿ, ನೋಡಿದರೆ ಉಸಿರು ಹಗುರಾಗುವ ಒಂದೋ ಎರಡೋ ವಸ್ತು ಇರಲಿ. ಬೇಕು ಅನಿಸಿದಾಗ ತಿರುಗಿ ನೋಡುವಂಥದ್ದು ಬೆನ್ನ ಹಿಂದಿನ ಶೆಲ್ಫಿಗೆ. ಕೂತು, ಸಮಯ ಕೊಟ್ಟು ನೋಡಬೇಕಾದ್ದು ಡ್ರಾಯರಿಗೆ. ಯಾವುದು ಎಲ್ಲಿಗೆ ಎಂದು ತೀರ್ಮಾನಿಸುವುದು ವೀಣಾ ಒಬ್ಬರೇ. ಎತ್ತಿಡುವಾಗ ಗಂಡ ಜೊತೆಗಿರಬಹುದು, ಆದರೆ ವೀಣಾ ಕೈಗೆ ಕೊಟ್ಟದ್ದನ್ನು ಮಾತ್ರ ಮುಟ್ಟಬೇಕು.

ಚೀಟಿಯ ವಿಷಯದಲ್ಲಿ ಜಾಸ್ತಿ ಹೊತ್ತು ಕಳೆದೆವು. ಅದನ್ನು ಮಾನಿಟರಿನಿಂದ ತೆಗೆದರೆ ಅಪ್ಪನಿಗೆ ಎರಡನೇ ಸಲ "ಐದು ನಿಮಿಷ" ಅಂದ ಹಾಗೆ ಎಂದರು. ನನಗೆ ಆ ಮಾತು ಮರೆಯುವುದಿಲ್ಲ. ಹಾಗಾದರೆ ಮೊದಲು ಉತ್ತರ ಕೊಡೋಣ ಎಂದೆ. ಫೋನ್ ಮಾಡಲಾಗುವುದಿಲ್ಲ, ಬರೆಯಬಹುದು. ಆ ನಾಲ್ಕು ನಿಮಿಷದಲ್ಲಿ ಹೇಳದೆ ಉಳಿದದ್ದನ್ನು, ಕೇಳದೆ ಉಳಿದದ್ದನ್ನು ಕೈಯಲ್ಲೇ ಬರೆದು ತನ್ನಿ, ಇಲ್ಲಿ ಗಟ್ಟಿಯಾಗಿ ಓದಿ ಎಂದೆ. ತೀರಿಕೊಂಡವರ ಜೊತೆಗಿನ ನಂಟನ್ನು ಕಡಿದುಕೊಂಡರೇ ವಾಸಿ ಎಂಬ ನಂಬಿಕೆ ಬಹಳ ಕಾಲ ಇತ್ತು. 1996ರಲ್ಲಿ ಸಂಶೋಧಕ ಡೆನಿಸ್ ಕ್ಲಾಸ್ ಮತ್ತು ಅವರ ಸಂಗಡಿಗರು ಅದನ್ನು ಪ್ರಶ್ನಿಸಿದರು. ನಂಟು ಬೇರೆ ರೂಪದಲ್ಲಿ ಮುಂದುವರಿಯುತ್ತದೆ, ಅದು ಕಾಯಿಲೆಯ ಗುರುತಲ್ಲ ಎಂದರು. ಕಾಗದ ಬರೆಸುವಾಗ ನಾನು ನೆಚ್ಚುವುದು ಇದನ್ನೇ.

ವೀಣಾ ಮೂರು ಪುಟ ಬರೆದು ತಂದರು. ಅದರಲ್ಲಿ ಏನಿತ್ತು ಎಂಬುದು ಅವರದು. ಓದಿ ಮುಗಿಸಿದ ಮೇಲೆ, "ಅಪ್ಪ ಸುಮ್ನೆ ಬಂದಿರಬಹುದು. ಅವರು ಹಾಗೆ ಸುಮ್ನೆ ಬರ್ತಿದ್ದರು" ಎಂದರು. ಎಂಟು ತಿಂಗಳಲ್ಲಿ ಮೊದಲ ಸಲ ಅವರಿಗೆ ಹಾಗೆ ಅನಿಸಿತ್ತು.

ಆಮೇಲೆ ಚೀಟಿಯ ಫೋಟೋ ತೆಗೆದರು. ಬರಹ ಬೆಳಕಿಗೆ ಮಾಸುತ್ತದೆ, ಅಂಟಿನ ಅಂಚು ಧೂಳು ಹಿಡಿಯುತ್ತದೆ. ಲ್ಯಾಮಿನೇಟ್ ಮಾಡಿಸಲು ಹೊರಟಿದ್ದರು, ಬೇಡ ಎಂದೆ. ಬಿಸಿ ಪ್ಲಾಸ್ಟಿಕ್ಕಿನೊಳಗೆ ಒಮ್ಮೆ ಸೇರಿದ ಕಾಗದವನ್ನು ಹಾಳಾಗದಂತೆ ಬಿಡಿಸುವುದು ಕಷ್ಟ. ಕಾಗದದ ಲಕೋಟೆ ಸಾಕು. ಅವರು ಬರೆದ ಮೂರು ಪುಟದ ಜೊತೆ ಅದು ಡ್ರಾಯರ್ ಸೇರಿತು. ಕಂಪ್ಯೂಟರ್ ಮುಚ್ಚಿದ ಮೇಲೆ, ಮಲಗುವ ಹೊತ್ತಿಗೆ ತುಂಬಾ ಮೊದಲು, ಹದಿನೈದು ನಿಮಿಷ ಡ್ರಾಯರ್ ತೆಗೆದು ಕೂರಬಹುದು. ಅಳು ಬಂದರೆ ಬರಲಿ. ಹದಿನೈದು ನಿಮಿಷಕ್ಕೆ ಮುಚ್ಚಿ, ಗಂಡನ ಜೊತೆ ಸ್ವಲ್ಪ ದೂರ ನಡೆದು ಬರಬೇಕು. ಮೊದಲ ಎರಡು ವಾರ ದಿನಾ ತೆಗೆದರಂತೆ.

ಮಗ್ ಮನೆಯಿಂದಲೇ ಹೋಯಿತು. ಹಳೆಯ ಕೆಲಸದ ಕಡೆ ಅವರಿಗೆ ಅನ್ಯಾಯವಾಗಿತ್ತು, ಅದನ್ನು ಮರೆಯಬಾರದು ಎಂದೇ ಇಟ್ಟುಕೊಂಡಿದ್ದರು. ನೆನಪು ಅಂಟಿದ ವಸ್ತುವನ್ನು ಕೊಟ್ಟುಬಿಡುವ ಮೊದಲು ಫೋಟೋ ತೆಗೆದಿಟ್ಟುಕೊಂಡರೆ ಬಿಡುವುದು ಸುಲಭವಾಗುತ್ತದೆ ಎಂದು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತ್ತು. ನಾನು ಅದನ್ನೇ ಹೇಳಿದೆ. "ಇದರ ಫೋಟೋ ನನಗೆ ಬೇಡ" ಎಂದರು. ಕಲ್ಲಿನ ಬಗ್ಗೆ ಅವರು ಹೇಳಲಿಲ್ಲ, ನಾನೂ ಕೆದಕಲಿಲ್ಲ. ಅದು ಶೆಲ್ಫಿನ ಮೇಲಿದೆ.

ಗಂಡನಿಗೆ ಹೇಳಿದ್ದು ಕಡಿಮೆ. ಅವರು ಮಾಡಿದ್ದು ಪ್ರೀತಿಯಿಂದ, ಅದನ್ನು ವೀಣಾ ಎದುರಿಗೇ ಹೇಳಿದೆ. ಆದರೆ ಬೇರೆಯವರ ನೆನಪಿನ ವಸ್ತುವನ್ನು ಕೇಳದೆ ಜರುಗಿಸಬಾರದು. ನಮಗೆ ಕಸದಂತೆ ಕಾಣುವುದು ಅವರಿಗೆ ಏನು ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ. ಎರಡು ಭೇಟಿ ಪೂರ್ತಿ ನನಗೂ ಗೊತ್ತಾಗಿರಲಿಲ್ಲ ಎಂದು ಅವರಿಗೆ ಹೇಳಿದೆ. ಅವರು ಸೊಂಡಿಲ ತುಂಡನ್ನು ಎತ್ತಿಟ್ಟಿದ್ದರು. ಇಬ್ಬರೂ ಕೂತು ಅಂಟಿಸಿದರು. ಆನೆ ಈಗ ಕಂಪ್ಯೂಟರ್ ಪಕ್ಕದಲ್ಲೇ ಇದೆ.

ಮೂರು ತಿಂಗಳ ನಂತರ ಒಮ್ಮೆ ಬಂದರು. ನಿದ್ದೆ ಸುಧಾರಿಸಿದೆ. ಕೆಲಸ ಕೆಲವು ದಿನ ಓಡುತ್ತದೆ, ಕೆಲವು ದಿನ ಇಲ್ಲ. ಆ ತಿಂಗಳು ಡ್ರಾಯರ್ ತೆಗೆದದ್ದು ಎರಡು ಸಲ. ಪೆನ್ನಿನ ನಿಬ್ಬಿನಲ್ಲಿ ಇಂಕು ಒಣಗಿ ಕಲ್ಲಾಗಿತ್ತಂತೆ. ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ, ನೀರು ಬದಲಿಸಿ ಬದಲಿಸಿ ತೊಳೆದರು. ಈಗ ಲೆಕ್ಕ ಗುರುತು ಹಾಕುವುದು ಅದರಲ್ಲೇ. ಮುಚ್ಚಳದ ಹತ್ತಿರ ಸ್ವಲ್ಪ ಸೋರುತ್ತದೆ. ತೋರುಬೆರಳು ತೋರಿಸಿದರು. ಗೆಣ್ಣಿನ ಮೇಲೆ ನೀಲಿ ಕಲೆ ಇತ್ತು.