ಸೋಲು ಕಂಡರಾಗದವರು ತಂಡದಲ್ಲಿ ಎಷ್ಟು ಜನ ಇರಬೇಕು?

ನೀವು ಕೇಳಿರುವುದು ಇಷ್ಟು: ಗೋವಾದ ವಾಸ್ಕೋದಲ್ಲಿ ಕನ್ನಡದ ಹುಡುಗರೇ ಕಟ್ಟಿಕೊಂಡ 18 ಜನರ ಫುಟ್‌ಬಾಲ್ ತಂಡ. ಅದರಲ್ಲಿ ಮೂವರಿಗೆ ‘ಸೋಲೂದಂದ್ರ ಆಗೂದಿಲ್ಲ’. ಸೋತ ದಿನ ರೆಫರಿ ಜೊತೆಗೂ ಜಗಳ, ತಮ್ಮವರ ಜೊತೆಗೂ ಜಗಳ. ಉಳಿದವರು ಮ್ಯಾಚ್ ಮುಗಿದ ಹತ್ತೇ ನಿಮಿಷಕ್ಕೆ ಚಹಾ ಕುಡಿಯುತ್ತ ನಗುತ್ತಿರುತ್ತಾರೆ. ಮಳೆಗಾಲ ಮುಗಿದ ಮೇಲಿನ ಟೂರ್ನಿಗೆ ಆ ಮೂವರನ್ನು ಇಟ್ಟುಕೊಳ್ಳಬೇಕೋ, ಬಿಡಬೇಕೋ?

ಬಿಡಬೇಡಿ. ಆದರೆ ಆ ಮೂವರಿಗೆ ಆಗದಿರುವುದು ಸೋಲೋ, ಅಥವಾ ನಾಲ್ಕು ಜನರ ಮುಂದೆ ಸೋತವನೆನ್ನಿಸಿಕೊಳ್ಳುವುದೋ ಅನ್ನುವುದನ್ನು ಮೊದಲು ನೋಡಿಕೊಳ್ಳಿ. ದೂರದಿಂದ ಎರಡೂ ಒಂದೇ ಸಿಟ್ಟಿನ ಹಾಗೆ ಕಾಣುತ್ತವೆ. ಮೊದಲನೇ ಜಾತಿಯವನು ಕಾಲಿಂದ ಚೆಂಡು ಹೋದ ಕೂಡಲೇ ತಿರುಗಿ ಅದರ ಹಿಂದೆ ಓಡುತ್ತಾನೆ. ಎರಡನೆಯವನು ಎರಡೂ ಕೈ ಚೆಲ್ಲಿ, ಪಾಸ್ ಕೊಟ್ಟವನ ಮುಖ ನೋಡುತ್ತ ನಿಲ್ಲುತ್ತಾನೆ. ಆಮೇಲೆ ರೆಫರಿ ಸರಿಯಿಲ್ಲ, ಗ್ರೌಂಡ್ ಸರಿಯಿಲ್ಲ. ಕುಣಿಯಲಾರದವಳಿಗೆ ನೆಲ ಡೊಂಕು. ತಂಡ ಕಟ್ಟಲು ಬೇಕಾದವನು ಮೊದಲನೆಯವನು. ಎರಡನೆಯವನಿಗೂ ಕಲಿಸಬಹುದು, ಆದರೆ ಒಂದು ಸೀಸನ್ ಹಿಡಿಯುತ್ತದೆ.

ಮಾತಾಡಿಸಿದರೆ ಇದು ಗೊತ್ತಾಗುವುದಿಲ್ಲ, ಆಡಿಸಬೇಕು. 30 ಮೀಟರ್ ಉದ್ದ, 20 ಮೀಟರ್ ಅಗಲಕ್ಕೆ ಕೋನ್ ಇಟ್ಟು ಎರಡು ಚಿಕ್ಕ ಅಂಕಣ ಮಾಡಿ. ಇಬ್ಬರು ಗೋಲ್‌ಕೀಪರ್‌ಗಳನ್ನು ಬೇರೆ ಅಭ್ಯಾಸಕ್ಕೆ ಕಳಿಸಿದರೆ ಉಳಿಯುವವರು 16. ಒಂದೊಂದು ಅಂಕಣದಲ್ಲಿ ನಾಲ್ಕು ಜನರ ಎರಡು ತಂಡ. ಎರಡು ಮೀಟರ್ ಅಗಲದ ಚಿಕ್ಕ ಗೋಲು, ನಾಲ್ಕು ನಿಮಿಷ ಆಟ, ಎರಡು ನಿಮಿಷ ವಿಶ್ರಾಂತಿ, ಒಂದು ಸಂಜೆಗೆ ಆರು ಸುತ್ತು. ಪ್ರತಿ ಸುತ್ತಿಗೂ ತಂಡಗಳನ್ನು ಕಲಸಿ. ಗೆದ್ದರೆ 3, ಸಮವಾದರೆ 1 ಅಂತ ಪ್ರತಿಯೊಬ್ಬನ ಹೆಸರಿನ ಮುಂದೆ ಬರೆಯಿರಿ. ಒಂದೇ ಸಂಜೆಯ ಲೆಕ್ಕ ನಂಬಬೇಡಿ, ಒಳ್ಳೆಯ ಜೊತೆಗಾರ ಸಿಕ್ಕವನು ಮೇಲೆ ಬಂದಿರುತ್ತಾನೆ. ಮೂರು ಸಂಜೆ, ಅಂದರೆ 18 ಸುತ್ತು ಆದ ಮೇಲೆ ಪಟ್ಟಿಗೆ ಅರ್ಥ ಬರುತ್ತದೆ. ಕಾಲಿನಲ್ಲಿ ದೊಡ್ಡ ಚಮತ್ಕಾರ ಇಲ್ಲದಿದ್ದರೂ ಯಾವ ಗುಂಪಿಗೆ ಹಾಕಿದರೂ ಗೆಲ್ಲುವ ಒಬ್ಬಿಬ್ಬರು ಅಲ್ಲಿ ಕಾಣುತ್ತಾರೆ. ಅವರು ನಿಮ್ಮ ಚಹಾ ಗುಂಪಿನವರೇ ಆಗಿದ್ದರೂ ನನಗೆ ಆಶ್ಚರ್ಯವಿಲ್ಲ.

ಪಕ್ಕದಲ್ಲಿ ಇನ್ನೊಂದು ಕಾಲಂ ಇರಲಿ: ಚೆಂಡು ಕಳೆದುಕೊಂಡ ಐದು ಸೆಕೆಂಡಿನೊಳಗೆ ಹಿಂದಕ್ಕೆ ಓಡಿದನೋ, ನಿಂತನೋ. ಇದನ್ನು ಎಣಿಸಲು ಹೊರಗೆ ಒಬ್ಬ ಬೇಕು. ಕೋಚ್ ತಾನೇ ಎಣಿಸಿದರೆ ಇಷ್ಟದ ಹುಡುಗನ ಕಡೆ ತಕ್ಕಡಿ ವಾಲುತ್ತದೆ. ಕೊನೆಯ ಸಂಜೆ ಒಂದು ತಂಡಕ್ಕೆ 0-1 ಹಿಂದಿದ್ದೀರಿ, ಮೂರೇ ನಿಮಿಷ ಉಳಿದಿದೆ ಎಂದು ಹೇಳಿ ಶುರು ಮಾಡಿಸಿ, ಆಮೇಲೆ ಅದನ್ನೇ ತಿರುವುಮುರುವು ಮಾಡಿ. ನಡುವೆ ಒಂದೇ ಒಂದು ಸಲ, ಒಬ್ಬರಿಗೆ ಸಿಗಬೇಕಾದ ಥ್ರೋ-ಇನ್ ಅನ್ನು ಬೇಕೆಂದೇ ಎದುರಿನವರಿಗೆ ಕೊಡಿ. ಯಾರು ವಾದಕ್ಕೆ ನಿಂತರು, ಆ ಹೊತ್ತಿಗೆ ಯಾರು ತಮ್ಮ ಜಾಗ ಹಿಡಿದು ನಿಂತಿದ್ದರು, ನೋಡಿಕೊಳ್ಳಿ. ಆಟ ಮುಗಿದ ಮೇಲೆ ‘ಬೇಕಂತಲೇ ಮಾಡಿದ್ದು’ ಎಂದು ಹೇಳಿಬಿಡಿ, ಇಲ್ಲದಿದ್ದರೆ ನಿಮ್ಮ ಮೇಲಿನ ನಂಬಿಕೆಯೇ ಹೋಗುತ್ತದೆ.

ಇನ್ನು ಎಷ್ಟು ಜನ ಎಂಬುದು. ಹನ್ನೊಂದರಲ್ಲಿ ನಾಲ್ಕು, ಹೆಚ್ಚೆಂದರೆ ಐದು ಸಾಕು ಅನ್ನುವುದು ನನ್ನ ಅಂದಾಜು. ಅವರಲ್ಲಿ ಮೂವರಾದರೂ ಒಂದು ಗೋಲಿನಿಂದ ಇನ್ನೊಂದು ಗೋಲಿಗೆ ಹೋಗುವ ನಡುಸಾಲಿನಲ್ಲಿರಲಿ: ಒಬ್ಬ ಸ್ಟಾಪರ್ (ಗೋಲಿನ ಮುಂದೆ ನಡುವೆ ನಿಂತು ಕಾಯುವವನು), ಒಬ್ಬ ಮಿಡ್‌ಫೀಲ್ಡರ್, ಒಬ್ಬ ಸ್ಟ್ರೈಕರ್. ನಡುವಿನವನು ಚೆಂಡಿನ ಹಿಂದೆ ಬಿದ್ದರೆ ಅಕ್ಕಪಕ್ಕದವರು ಅದನ್ನು ಕಂಡು ತಾವೂ ಓಡುತ್ತಾರೆ. ಅದೇ ಮನುಷ್ಯ ಮೂಲೆಯ ವಿಂಗ್‌ನಲ್ಲಿ ಒಬ್ಬನೇ ಓಡಿದರೆ ಸುಸ್ತಾಗುತ್ತಾನೆ ಅಷ್ಟೇ. ಹನ್ನೊಂದೂ ಜನ ಅಂಥವರೇ ಆದರೆ ಒಂದು ಗೋಲು ಬಿಟ್ಟುಕೊಟ್ಟ ಕೂಡಲೇ ಎಲ್ಲರೂ ಚೆಂಡಿನ ಕಡೆಗೆ ನುಗ್ಗುತ್ತಾರೆ, ಸ್ಟಾಪರ್ ಕೂಡ ಮೇಲೆ ಹೋಗುತ್ತಾನೆ, ಹಿಂದೆ ಬಯಲು. ಎರಡನೇ ಗೋಲು ಬರುವುದು ಅಲ್ಲಿಂದಲೇ. ಮುನ್ನಡೆಯಲ್ಲಿದ್ದಾಗ ಕೊನೆಯ ಹತ್ತು ನಿಮಿಷ ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಆಡುವುದಕ್ಕೂ, ಪೆನಾಲ್ಟಿ ಹೊಡೆಯುವುದಕ್ಕೂ ನಗುವ ಹುಡುಗರೇ ಬೇಕು. ನಗುತ್ತಾನೆಂದರೆ ಸೋಮಾರಿ ಎಂದಲ್ಲ. ಭಾನುವಾರ ಸೋತು ಮಂಗಳವಾರ ಅಭ್ಯಾಸಕ್ಕೆ ಎಲ್ಲರಿಗಿಂತ ಮೊದಲು ಬಂದನೋ, ನೆಪ ಹೇಳಿದನೋ, ಅದನ್ನು ನೋಡಿ ಅಳೆಯಿರಿ.

ಗೋಲ್‌ಕೀಪರ್ ಮಾತ್ರ ಈ ಲೆಕ್ಕದ ಹೊರಗಿನವನು. ಅವನಿಗೆ ಸೋಲಿನ ಮೇಲಿನ ಸಿಟ್ಟಿಗಿಂತ ಮರೆವು ದೊಡ್ಡ ಗುಣ. ಲಕ್ಷ್ಮಿಕಾಂತ್ ಕಟ್ಟಿಮನಿ ಎಂಬ ಹೆಸರು ನಮ್ಮ ಕಡೆಯದೇ ಅನ್ನಿಸುತ್ತದಲ್ಲ, ಆ ಗೋವಾದ ಕೀಪರ್‌ನ ಕಥೆ ನಿಮ್ಮ ಹುಡುಗರಿಗೆ ಹೇಳಿ. 2015ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್, ಮಡಗಾಂವ್‌ನ ಫಟೋರ್ಡಾ ಮೈದಾನ. 87ನೇ ನಿಮಿಷಕ್ಕೆ ಎಫ್‌ಸಿ ಗೋವಾ 2-1 ಮುಂದೆ. 90ನೇ ನಿಮಿಷಕ್ಕೆ ಕಟ್ಟಿಮನಿಯಿಂದಲೇ ಸ್ವಂತ ಗೋಲು, ಹೆಚ್ಚುವರಿ ನಿಮಿಷಗಳಲ್ಲಿ ಚೆನ್ನೈಯಿನ್‌ನ ಮೆಂಡೋಜಾ ಇನ್ನೊಂದು; ಗೋವಾ 2-3ರಲ್ಲಿ ಸೋತಿತು. 2022ರ ಮಾರ್ಚ್‌ನಲ್ಲಿ ಅದೇ ಫಟೋರ್ಡಾದಲ್ಲಿ ಅದೇ ಲೀಗಿನ ಫೈನಲ್. ಈ ಸಲ ಹೈದರಾಬಾದ್ ಎಫ್‌ಸಿ ಕೀಪರ್ ಆಗಿ ಕೇರಳ ಬ್ಲಾಸ್ಟರ್ಸ್‌ನ ಮೂರು ಪೆನಾಲ್ಟಿ ತಡೆದು ಕಪ್ ಗೆದ್ದುಕೊಟ್ಟವನು ಅವನೇ. ಹಾಗಾಗಿ ನಿಮ್ಮ ಕೀಪರ್ ಗೋಲು ತಿಂದಾಗ ಮಾಡಬೇಕಾದ ಕೆಲಸ ಮೊದಲೇ ಗೊತ್ತಿರಲಿ: ಬಲೆಯಿಂದ ಚೆಂಡು ತಾನೇ ತೆಗೆಯಬೇಕು, ಕಂಬ ಮುಟ್ಟಬೇಕು, ಹತ್ತಿರದ ಸ್ಟಾಪರ್‌ಗೆ ಒಂದು ಮಾತು ಹೇಳಬೇಕು. ಕೈಗೂ ಬಾಯಿಗೂ ಕೆಲಸ ಸಿಕ್ಕರೆ ತಲೆ ಆ ಗೋಲಿನಲ್ಲೇ ಕೂರುವುದಿಲ್ಲ. ಆ ಹೊತ್ತಿನಲ್ಲಿ ಅವನನ್ನು ಬಯ್ಯುವವನು ಎಷ್ಟು ದೊಡ್ಡ ಆಟಗಾರನಾದರೂ ಹೊರಗೆ ಕರೆಸಿ.

ಛಲ ಹದ ತಪ್ಪಿದರೆ ಮೊದಲು ಕಾಣುವುದು ಕಾರ್ಡಿನಲ್ಲಿ. ಚೆಂಡು ಹೋದ ಸಿಟ್ಟಿಗೆ ಎದುರಾಳಿಯ ಕಾಲಿಗೆ ಬೀಳುವುದು ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ತೀರಿಸಿಕೊಂಡ ಹಾಗೆ. 2019ರ ಐಎಸ್‌ಎಲ್ ಫೈನಲ್ ಮುಂಬಯಿಯಲ್ಲಿ ನಡೆಯಿತು, ಬೆಂಗಳೂರು ಎಫ್‌ಸಿ ಎದುರು ಗೋವಾ. 90 ನಿಮಿಷ ಗೋಲೇ ಇಲ್ಲ. ಹೆಚ್ಚುವರಿ ಅವಧಿಯಲ್ಲಿ ಗೋವಾದ ಅಹ್ಮದ್ ಜಾಹೂ ಎರಡನೇ ಹಳದಿ ಕಾರ್ಡಿಗೆ ಹೊರನಡೆದ. ಹತ್ತು ಜನ ಉಳಿದರು. 117ನೇ ನಿಮಿಷಕ್ಕೆ ಕಾರ್ನರ್‌ನಿಂದ ಬೆಂಗಳೂರಿನ ರಾಹುಲ್ ಭೇಕೆ ತಲೆಯಲ್ಲಿ ಹೊಡೆದ ಗೋಲಿಗೆ ಕಪ್ ಹೋಯಿತು. ಕಬಡ್ಡಿಯಲ್ಲಾದರೆ ಔಟಾದವನು ಮತ್ತೆ ಒಳಗೆ ಬರುತ್ತಾನೆ, ಇಲ್ಲಿ ಆ ದಾರಿ ಇಲ್ಲ. ಆ ಮೂವರಲ್ಲಿ ಯಾರಿಗಾದರೂ ಹಳದಿ ಬಿದ್ದರೆ ಐದು ನಿಮಿಷ ನೆಲಕ್ಕೆ ಜಾರಿ ಟ್ಯಾಕಲ್ ಮಾಡುವಂತಿಲ್ಲ, ನಿಂತೇ ತಡೆಯಬೇಕು ಎಂದು ಮೊದಲೇ ಒಪ್ಪಿಸಿಕೊಳ್ಳಿ. ಕೇಳದಿದ್ದರೆ ಅವನ ಬದಲು ಇನ್ನೊಬ್ಬ.

ಅಭ್ಯಾಸದಲ್ಲಿ ಸೋಲಿಗೆ ಬೆಲೆ ಇರಬೇಕು, ಆದರೆ ಚಿಕ್ಕದು. ಸೋತ ಗುಂಪು ಕೋನ್ ಎತ್ತಲಿ, ಬಿಬ್ (ತಂಡದ ಗುರುತಿಗೆ ಅಂಗಿಯ ಮೇಲೆ ತೊಡುವ ಬನಿಯನ್) ಒಗೆಯಲಿ, ಎಲ್ಲರ ಬಾಟಲಿಗೆ ನೀರು ತುಂಬಲಿ. ಸೋತವರಿಗೆ ಮೈದಾನ ಹತ್ತು ಸುತ್ತು ಓಡುವ ಶಿಕ್ಷೆ ಕೊಡುವ ಕೋಚ್‌ಗಳು ಇನ್ನೂ ಇದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಗೋವಾದ ಸೆಕೆಯಲ್ಲಿ, ಆಡಿ ಸುಸ್ತಾದ ಮೇಲೆ ಓಡಿಸಿದರೆ ಹುಡುಗ ಕಲಿಯುವುದು ಒಂದೇ: ಸೋಲು ಬಾರದಿರಲು ಚೆಂಡೇ ಬೇಡ. ಪಾಸ್ ಬರುವ ದಾರಿಯಲ್ಲಿ ಎದುರಾಳಿಯ ಬೆನ್ನ ಹಿಂದೆ ಅಡಗಿ ನಿಲ್ಲುತ್ತಾನೆ, ಬಂದ ಚೆಂಡನ್ನು ಕಣ್ಣುಮುಚ್ಚಿ ಮುಂದಕ್ಕೆ ಒದೆಯುತ್ತಾನೆ. ಹೊರಗಿನವರಿಗೆ ಕಾಣುವುದು ಉದಾಸೀನ, ಒಳಗೆ ಇರುವುದು ಹೆದರಿಕೆ.

ಮ್ಯಾಚ್‌ನಲ್ಲಿ ಗೋಲು ಬಿಟ್ಟುಕೊಟ್ಟ ಮೇಲಿನ ಮೂರು ನಿಮಿಷಕ್ಕೆ ಒಂದು ಕಟ್ಟುಪಾಡು ಇರಲಿ. ಮಾತಾಡುವವನು ಒಬ್ಬನೇ, ಮೊದಲ ಮೂರು ಪಾಸ್ ಚಿಕ್ಕವು, ಯಾರೂ ಜಾಗ ಬಿಡುವಂತಿಲ್ಲ. 0-1 ಇದ್ದಾಗ 80ನೇ ನಿಮಿಷದ ತನಕ ಸ್ಟಾಪರ್‌ಗಳು ಹಿಂದೆಯೇ. ಆಮೇಲೆ ಮೇಲೆ ಹೋಗುವವನು ಒಬ್ಬ, ಅವನ ಹೆಸರು ಮೊದಲೇ ನಿಗದಿ. ಊರೂರಿನ ಟೂರ್ನಿಗಳಲ್ಲಿ ಆಟದ ಅವಧಿ ಇನ್ನೂ ಕಡಿಮೆ ಇರಬಹುದು, ಆಗ ಕೊನೆಯ ಹತ್ತು ನಿಮಿಷ ಎಂದು ಲೆಕ್ಕ ಹಿಡಿಯಿರಿ.

ಸೋತ ದಿನ ಸಭೆ ಬೇಡ. ಚೀಲ ಕಟ್ಟಿ, ನೀರು ಕುಡಿದು ಮನೆಗೆ ಹೋಗಲಿ. ಆ ಸಿಟ್ಟಿನಲ್ಲಿ ಆಡಿದ ಮಾತಿಗೆ ಕೊಯ್ದ ಮೂಗಿನ ಗತಿಯೇ. ವಾಟ್ಸಾಪ್ ಗುಂಪಿಗೂ ಅವತ್ತು ಬೀಗ. ಮಂಗಳವಾರ ಮೂರೇ ವಿಷಯ ಎತ್ತಿ, ಮೂರಕ್ಕೂ ಮೈದಾನದಲ್ಲೇ ಉತ್ತರ ಹುಡುಕಿ. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಸೋಲಿಗೆ ತಂಡ ಒಡೆದು ಹೊರಗಿನವರನ್ನು ತುಂಬಿಕೊಳ್ಳಬೇಡಿ. ಬೆಂಗಳೂರು ಎಫ್‌ಸಿ 2014ರಲ್ಲಿ ಇಲ್ಲೇ ಗೋವಾದಲ್ಲಿ ಡೆಂಪೋ ತಂಡವನ್ನು 4-2ರಲ್ಲಿ ಸೋಲಿಸಿ ಮೊದಲ ಸೀಸನ್‌ನಲ್ಲೇ ಆಗಿನ ರಾಷ್ಟ್ರೀಯ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು. ಮರುವರ್ಷ ಕಂಠೀರವದಲ್ಲಿ ಕೊನೆಯ ಪಂದ್ಯ, ಗೆದ್ದರೆ ಮತ್ತೆ ಪ್ರಶಸ್ತಿ. 87ನೇ ನಿಮಿಷಕ್ಕೆ ಮೋಹನ್ ಬಗಾನ್‌ನ ಬೆಲ್ಲೋ ರಜಾಕ್ ತಲೆಯಲ್ಲಿ ಹೊಡೆದು 1-1 ಮಾಡಿದ, ಪ್ರಶಸ್ತಿ ಕೋಲ್ಕತ್ತಕ್ಕೆ ಹೋಯಿತು. ಕೋಚ್ ವೆಸ್ಟ್‌ವುಡ್ ಉಳಿದರು. ಆಟಗಾರರಾದ ಛೇಟ್ರಿ, ಜಾನ್ಸನ್, ಲಿಂಗ್ಡೋ ಉಳಿದರು. 2016ರಲ್ಲಿ ಪ್ರಶಸ್ತಿ ವಾಪಸ್ ಬಂತು. ಡೆಂಪೋ ಕೂಡ 2005ರಿಂದ 2012ರ ನಡುವೆ ಐದು ಸಲ ರಾಷ್ಟ್ರೀಯ ಚಾಂಪಿಯನ್ ಆದದ್ದು ಅರ್ಮಾಂಡೊ ಕೊಲಾಸೊ ಕೈಕೆಳಗೆ, ಸಮೀರ್ ನಾಯ್ಕ್, ಕ್ಲಿಫರ್ಡ್ ಮಿರಾಂಡಾ, ಕ್ಲೈಮ್ಯಾಕ್ಸ್ ಲಾರೆನ್ಸ್ ಅವರಂಥ ಗೋವಾದ ಹುಡುಗರನ್ನೇ ವರ್ಷಗಟ್ಟಲೆ ಜೊತೆಯಲ್ಲಿಟ್ಟುಕೊಂಡು.

ಕ್ಯಾಪ್ಟನ್ ಪಟ್ಟಿಯನ್ನು ಆ ಮೂವರಲ್ಲಿ ಯಾರ ತೋಳಿಗೂ ಈಗಲೇ ಕಟ್ಟಬೇಡಿ. ರೆಫರಿ ಹತ್ತಿರ ಹೋಗುವವನು ಕ್ಯಾಪ್ಟನ್ ಒಬ್ಬನೇ, ಅದೂ ಕೊಂಕಣಿಯೋ ಹಿಂದಿಯೋ ಚೆನ್ನಾಗಿ ಬರುವವನಾಗಿರಲಿ. ಕನ್ನಡದಲ್ಲಿ ಗೊಣಗಿದ್ದು ತನ್ನನ್ನೇ ಬೈದದ್ದು ಎಂದುಕೊಂಡು ರೆಫರಿ ಜೇಬಿಗೆ ಕೈ ಹಾಕಿದರೆ ಆಮೇಲೆ ಅರ್ಥ ಬಿಡಿಸಿ ಹೇಳಲು ಸಮಯ ಸಿಗುವುದಿಲ್ಲ.