ಜರ್ಮನಿಯ ನ್ಯೂರೆಂಬರ್ಗ್‌ನ ಹಳೆಯೂರನ್ನು ಗೈಡ್ ಇಲ್ಲದೆ ಅರ್ಧ ದಿನದಲ್ಲಿ ನಡೆದು ನೋಡುವುದು ಹೇಗೆ?

ಮುಖ್ಯ ರೈಲು ನಿಲ್ದಾಣದಿಂದ ಬೆಳಗ್ಗೆ 10.45ಕ್ಕೆ ಹೊರಡಿ. ಕೋನಿಗ್‌ಸ್ಟ್ರಾಸೆ ರಸ್ತೆ ಹಿಡಿದರೆ ಹತ್ತು ನಿಮಿಷದಲ್ಲಿ ಸೇಂಟ್ ಲೊರೆನ್ಜ್ ಚರ್ಚ್. ಒಳಗೆ ಆಡಮ್ ಕ್ರಾಫ್ಟ್ ಕಡೆದ ಸುಮಾರು 20 ಮೀಟರ್ ಎತ್ತರದ ಕಲ್ಲಿನ ಮಂಟಪವಿದೆ. ಬುಡದಲ್ಲಿ ಮಂಡಿಯೂರಿ ಭಾರ ಹೊತ್ತ ಮೂರ್ತಿ ಆ ಶಿಲ್ಪಿಯದೇ. ಭಾನುವಾರ ಬೆಳಗ್ಗೆ ಪ್ರಾರ್ಥನೆ ಇರುವುದರಿಂದ ಬೇರೆ ದಿನ ಹೋಗಿ.

ಪೆಗ್ನಿಟ್ಸ್ ನದಿ ದಾಟಿ 11.50ರೊಳಗೆ ಹೌಪ್ಟ್‌ಮಾರ್ಕ್ಟ್ ಚೌಕದಲ್ಲಿರಿ. ಅಲ್ಲಿನ ಫ್ರೌವೆನ್‌ಕಿರ್ಶೆ ಚರ್ಚಿನ ಗಡಿಯಾರದಲ್ಲಿ ಏಳು ರಾಜಕುಮಾರರ ಬೊಂಬೆಗಳು ಚಕ್ರವರ್ತಿ ನಾಲ್ಕನೇ ಕಾರ್ಲ್‌ನ ಸುತ್ತ ತಿರುಗುವುದು ಮಧ್ಯಾಹ್ನ 12ಕ್ಕೆ ಮಾತ್ರ. ಐದು ನಿಮಿಷ ತಡವಾದರೆ ನಾಳೆಯೇ ಗತಿ. ಗೋಡೆಗೆ ಒತ್ತಿ ನಿಲ್ಲಬೇಡಿ, ಚೌಕದ ಮಧ್ಯದಿಂದ ಚೆನ್ನಾಗಿ ಕಾಣುತ್ತದೆ.

ಮುಂದೆ ಕೋಟೆಗೆ ಏರು, ಉರುಟು ಕಲ್ಲುಹಾಸು. ತೆಳು ಅಟ್ಟೆಯ ಚಪ್ಪಲಿಗೆ ಪಾದ ನೋಯುತ್ತದೆ, ಮಳೆ ಬಂದರೆ ಜಾರುತ್ತದೆ. ಕೋಟೆಯೊಳಗಿನ ಬಾವಿ ಸುಮಾರು 50 ಮೀಟರ್ ಆಳ. ಇಳಿಯುವಾಗ ಟೀರ್‌ಗೆರ್ಟ್ನರ್‌ಟೋರ್ ಬಾಗಿಲ ಬಳಿ ಚಿತ್ರಕಾರ ಡ್ಯೂರರ್ 1509ರಿಂದ 1528ರವರೆಗೆ ಇದ್ದ ಮನೆ ಸಿಗುತ್ತದೆ. ಸೋಮವಾರ ಸಾಮಾನ್ಯವಾಗಿ ರಜೆ.

ಕೊನೆಗೆ ವೈಸ್‌ಗೆರ್ಬರ್‌ಗಾಸೆ, ಚರ್ಮ ಹದಮಾಡುವವರ ಬೀದಿ. ಇದನ್ನು ಮಾತ್ರ ಬಿಡಬೇಡಿ. 1945ರ ಜನವರಿ 2ರ ಬಾಂಬ್ ದಾಳಿಯಲ್ಲಿ ಹಳೆಯೂರಿನ ಬಹುಪಾಲು ನೆಲಸಮವಾಗಿತ್ತು, ನೀವು ನೋಡಿದ್ದರಲ್ಲಿ ಬಹಳಷ್ಟು ಮತ್ತೆ ಕಟ್ಟಿದ್ದು. ಇಲ್ಲಿನ ಮರದ ಚೌಕಟ್ಟಿನ ಮನೆಗಳ ಸಾಲು ಹೆಚ್ಚಾಗಿ ಉಳಿದುಕೊಂಡಿತು.