ಅಮೆರಿಕದ ಅಂತರ್ಯುದ್ಧದ ನಂತರ ಗುಲಾಮರ ಒಡೆಯರು ಬರೆದ ಪತ್ರಗಳನ್ನಷ್ಟೇ ನಂಬಿ ಪ್ರಬಂಧ ಬರೆಯಬಹುದೇ?

ಗುಲಾಮರು ಏನನ್ನೂ ಬರೆದಿಡಲಿಲ್ಲ, ಹಾಗಾಗಿ ಒಡೆಯರ ಪತ್ರಗಳೇ ಗತಿ ಎಂದಿದ್ದೀರಿ. ಇದೇ ನಂಬಿಕೆಯಿಂದ ನಾನೂ ಪ್ರಬಂಧಕ್ಕೆ ಕೈಹಾಕಿದ್ದೆ.

ನಾನು ಆರಿಸಿಕೊಂಡದ್ದು ಜಾರ್ಜಿಯಾದ ಲಿಬರ್ಟಿ ಕೌಂಟಿಯ ಮೇರಿ ಜೋನ್ಸ್ ಅವರ ಪತ್ರಗಳನ್ನು. ಪಾದ್ರಿಯಾಗಿದ್ದ ಪತಿ ಚಾರ್ಲ್ಸ್ ಕಾಲ್‌ಕಾಕ್ ಜೋನ್ಸ್ 1863ರಲ್ಲಿ ತೀರಿಕೊಂಡಿದ್ದರು. 1864ರ ಡಿಸೆಂಬರಿನಲ್ಲಿ ಉತ್ತರದ ಒಕ್ಕೂಟ ಸರ್ಕಾರದ ಸೇನಾನಿ ಶರ್ಮನ್‌ರ ಸೈನ್ಯದ ಕುದುರೆ ಸವಾರರು ಅವರ ಮಾಂಟೆವಿಡಿಯೊ ತೋಟವನ್ನು ದೋಚಿದರು. ಮನೆಯೊಳಗೆ ತುಂಬು ಗರ್ಭಿಣಿ ಮಗಳಿದ್ದಳು. ಯುದ್ಧ ಮುಗಿದ ಮೇಲೂ ಮೇರಿ ತೋಟ ನಡೆಸಲು ಹೆಣಗಾಡಿ, ಕೊನೆಗೆ 1868ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿದ್ದ ಮಗಳ ಮನೆ ಸೇರಿದರು. ಮರುವರ್ಷವೇ ಕಣ್ಣುಮುಚ್ಚಿದರು. ಓದುತ್ತ ಓದುತ್ತ ನಾನು ಸಂಪೂರ್ಣವಾಗಿ ಆಕೆಯ ಪಕ್ಷ ವಹಿಸಿಬಿಟ್ಟಿದ್ದೆ.

ಎಡವಿದ್ದು ಅಲ್ಲೇ. ಲೂಟಿಯ ಅಧ್ಯಾಯದಲ್ಲಿ, ಕಳೆದುಕೊಳ್ಳಲು ಆಸ್ತಿ ಇದ್ದದ್ದು ಒಡೆಯರಿಗೆ ಮಾತ್ರ ಎಂದು ಬರೆದೆ. ಪತ್ರಗಳು ಹಾಗೆ ಹೇಳಿರಲಿಲ್ಲ. ಕಾನೂನಿನ ಪ್ರಕಾರ ಗುಲಾಮರಿಗೆ ಆಸ್ತಿಯ ಹಕ್ಕಿರಲಿಲ್ಲವಾದ್ದರಿಂದ ನಾನೇ ಹಾಗೆ ಊಹಿಸಿಕೊಂಡೆ. ಆದರೆ ಜಾರ್ಜಿಯಾದ ಕರಾವಳಿಯಲ್ಲಿ ದಿನಕ್ಕಿಷ್ಟು ಎಂದು ಕೆಲಸವನ್ನು ಅಳೆದು ಕೊಡುವ ಪದ್ಧತಿಯಿತ್ತು. ಅದನ್ನು ಮುಗಿಸಿದರೆ ಉಳಿದ ಹೊತ್ತು ಅವರದೇ. ಆ ಹೊತ್ತಿನಲ್ಲಿ ಭತ್ತ ಬೆಳೆದರು, ಹಂದಿ, ಕೋಳಿ ಸಾಕಿ ಮಾರಿದರು. ಕೆಲವರು ಕುದುರೆ, ಗಾಡಿಯನ್ನೂ ಕೊಂಡಿದ್ದರು. ಬಿಡುಗಡೆ ತರಲು ಬಂದ ಸೈನ್ಯವೇ ಗುಡಿಸಲುಗಳಿಂದ ಇವನ್ನೂ ಎಳೆದೊಯ್ದಿತು. ನಷ್ಟಪರಿಹಾರಕ್ಕೆಂದು 1871ರಲ್ಲಿ ಅಮೆರಿಕದ ಸಂಸತ್ತು ಆಯೋಗವೊಂದನ್ನು ಸ್ಥಾಪಿಸಿತು. ಅದರ ಮುಂದೆ ಲಿಬರ್ಟಿ ಕೌಂಟಿಯ ಎಷ್ಟೋ ಮಾಜಿ ಗುಲಾಮರು, ಏನು ಹೋಯಿತು, ಅದನ್ನು ಹೇಗೆ ಸಂಪಾದಿಸಿದ್ದೆವು ಎಂದು ಪ್ರಮಾಣ ಮಾಡಿ ಹೇಳಿದರು. ನೆರೆಹೊರೆಯವರು ಸಾಕ್ಷಿ ನುಡಿದರು. ಅಕ್ಷರ ಬಾರದವರ ಮಾತೂ ಹೀಗೆ ಕಾಗದಕ್ಕೆ ಇಳಿದಿದೆ. ಪರೀಕ್ಷಕರು ಈ ಕಡತಗಳನ್ನು ನೋಡಿದ್ದೀರಾ ಎಂದು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಅಧ್ಯಾಯ ತಿರಸ್ಕೃತವಾಯಿತು. ಅದರ ಮೇಲೆ ನಿಂತಿದ್ದ ವಾದವೂ ಉರುಳಿತು, ಪದವಿ ಮುಂದಕ್ಕೆ ಹೋಯಿತು.

ಹಾಗಾಗಿ, ಪತ್ರಗಳು ನಂಬಲರ್ಹವೇ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಆಕೆಯ ದುಃಖ ಸುಳ್ಳಲ್ಲ. ಆ ದುಃಖಕ್ಕೆ ಕಾಣದೇ ಹೋದದ್ದನ್ನು ನೀವು ಹುಡುಕಬೇಕು. ಕೂಲಿಗಾರರು ಮಾತು ಕೇಳುವುದಿಲ್ಲ ಎಂಬ ದೂರು ನಿಮ್ಮ ಪತ್ರಗಳಲ್ಲಿ ಬಂದರೆ ಅಲ್ಲೇ ನಿಲ್ಲಿ. 1865ರ ಜನವರಿಯಲ್ಲಿ ಶರ್ಮನ್ ಹೊರಡಿಸಿದ ಆದೇಶವು ಕರಾವಳಿಯ ನೆಲದಲ್ಲಿ ಬಿಡುಗಡೆಯಾದ ಗುಲಾಮರ ಪ್ರತಿ ಕುಟುಂಬಕ್ಕೆ 40 ಎಕರೆಯವರೆಗೆ ಕೊಡುವ ಮಾತಾಡಿತ್ತು. ಅದೇ ವರ್ಷ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ನೆಲವನ್ನು ಹಳೆಯ ಒಡೆಯರಿಗೆ ಮರಳಿಸತೊಡಗಿದರು. ಸ್ವಂತ ಹೊಲದ ಆಸೆ ಹೊತ್ತವರು ಹಳೆಯ ಒಡತಿಯ ಕರಾರಿಗೆ ಸಂತೋಷದಿಂದ ಹೆಬ್ಬೆಟ್ಟು ಒತ್ತುತ್ತಾರೆಯೇ?

ನಿಮ್ಮ ಪತ್ರಗಳು ಯಾವ ಕೌಂಟಿಯವೋ ಅಲ್ಲಿನ ಪರಿಹಾರ ಅರ್ಜಿಗಳನ್ನೂ ಬಿಡುಗಡೆಯಾದ ಗುಲಾಮರಿಗಾಗಿ ಸರ್ಕಾರ ತೆರೆದಿದ್ದ ಫ್ರೀಡ್‌ಮೆನ್ಸ್ ಬ್ಯೂರೋ ಎಂಬ ಇಲಾಖೆಯ ಕೂಲಿ ಕರಾರುಗಳನ್ನೂ ಮೊದಲು ಓದಿ. ಅಂತರ್ಜಾಲದಲ್ಲಿ ಬಹಳಷ್ಟು ಸಿಗುತ್ತವೆ. ಹೆಸರು, ಮನೆತನದ ಹೆಸರು, ಸಂಬಂಧಿಕರು, ಕಳೆದುಕೊಂಡ ವಸ್ತುಗಳು ಎಂದು ಪಟ್ಟಿ ಮಾಡಿಕೊಂಡು, ಆಮೇಲೆ ಪತ್ರಗಳಿಗೆ ಬನ್ನಿ. ಒಡತಿ ಬರಿಯ ಹೆಸರಿನಿಂದ ಕರೆಯುವವರಲ್ಲಿ ಕೆಲವರು ನಿಮ್ಮ ಪಟ್ಟಿಯಲ್ಲಿ ಆಗಲೇ ಇರುತ್ತಾರೆ.